ತಾಯಿ ಕಾರ್ಡಿನಲ್ಲಿ ತಂದೆ ಎಲ್ಲಿ?

ನಮಗೆ ಮೂವರು ಮಕ್ಕಳು. ಮೂರು ಬಸಿರಿನಲ್ಲೂ ನಮ್ಮ ಮನೆಯಾಕೆಯ ಕೈಯಿಂದ ರಕ್ತ ತೆಗೆದರು. ಎಚ್‌ಐವಿ ಇದೆಯೇ ನೋಡಿದರು, ಹೆಪಟೈಟಿಸ್ ಬಿ ಇದೆಯೇ ನೋಡಿದರು. ಮೂರು ಸಲವೂ ನಾವು ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಪೇಪರ್ ಓದುತ್ತ ಕೂತಿದ್ದೆವು. ನಮ್ಮ ರಕ್ತವನ್ನು ಯಾರೂ ಕೇಳಲಿಲ್ಲ. ಕೊಡುತ್ತೇವೆಂದು ನಾವೂ ಹೇಳಲಿಲ್ಲ. ಹಾಗೊಂದು ಪ್ರಶ್ನೆ ಇರಬಹುದೆಂಬುದೇ ನಮಗೆ ಹೊಳೆದಿರಲಿಲ್ಲ. ಹೆಣ್ಣಿಗಾಗುವ ಅನ್ಯಾಯದ ಬಗ್ಗೆ ಕತೆ ಬರೆದು ಒಂದೆರಡು ಬಹುಮಾನ ಪಡೆದವರು ನಾವು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದೆಲ್ಲ ಬೇರೆಯವರ ಮೇಲಿನ ದೂರು ಎಂದು ಯಾರೂ ತಿಳಿಯಬಾರದು.

ಈಗ ಒಂದು ಘಟನೆ. ಊರು ಹೇಳುವುದಿಲ್ಲ, ಹೆಸರೂ ಹೇಳುವುದಿಲ್ಲ. ನಾಲ್ಕು ವರ್ಷದ ಹಿಂದೆ ತಂಗಿಯ ಮಗಳನ್ನು ಕರೆದುಕೊಂಡು ಒಂದು ಆಸ್ಪತ್ರೆಗೆ ಹೋಗಿದ್ದೆವು. ಬಸುರಿಯರನ್ನು ನೋಡುವ ದಿನ. ಬೆಂಚಿನ ತುಂಬ ಹೆಂಗಸರು, ನೆಲದ ಮೇಲೂ ಹೆಂಗಸರು. ಲ್ಯಾಬಿನ ಕಿಟಕಿಯಿಂದ ಒಂದು ದನಿ ಬಂತು: 'ಆ ಬುರ್ಖಾದ ಹುಡುಗಿ ಎಲ್ಲಿ? ಪಾಸಿಟಿವ್ ಬಂದಿದೆ. ಮನೆಯವರು ಯಾರಾದರೂ ಬನ್ನಿ.' ಅಲ್ಲಿ ಬುರ್ಖಾದ ಹುಡುಗಿಯರು ಐದಾರು ಮಂದಿ ಇದ್ದರು. ಎಲ್ಲರೂ ತಲೆ ತಗ್ಗಿಸಿದರು. ಎದ್ದು ಹೋದದ್ದು ಒಬ್ಬ ಅತ್ತೆ. ಚೀಟಿ ಅತ್ತೆಯ ಕೈಗೆ ಹೋಯಿತು. ತನ್ನ ರಕ್ತದಲ್ಲಿ ಏನಿದೆ ಎಂಬುದು ಆ ಹುಡುಗಿಗೆ ಗೊತ್ತಾಗುವ ಮುಂಚೆ ಅತ್ತೆಗೆ, ಬೆಂಚಿನವರಿಗೆ, ನಮ್ಮಂಥ ಅಪರಿಚಿತರಿಗೆ ಗೊತ್ತಾಗಿತ್ತು.

ಆಕೆ ನಮ್ಮ ಮೊಹಲ್ಲಾದ ಪಕ್ಕದವಳೇ ಎಂಬುದು ಆಮೇಲೆ ತಿಳಿಯಿತು. ಚೀಟಿಯಲ್ಲಿದ್ದದ್ದು ಹೆಪಟೈಟಿಸ್ ಬಿ. ಮನೆ ತಲುಪುವಷ್ಟರಲ್ಲಿ ಅದು ಏಡ್ಸ್ ಆಗಿತ್ತು. ವಾರದೊಳಗೆ ಹುಡುಗಿಯನ್ನು ಅಣ್ಣನ ಮನೆಗೆ ಕಳಿಸಿದರು. ಅಲ್ಲಿಯೂ ಆ ಚೀಟಿಯನ್ನು ಯಾರಿಗೂ ತೋರಿಸಲಿಲ್ಲ. ಮತ್ತೆ ಆಸ್ಪತ್ರೆಗೆ ಹೋದರೆ ಮತ್ತೆ ರಕ್ತ ತೆಗೆಯುತ್ತಾರೆ, ಮತ್ತೆ ಕೂಗುತ್ತಾರೆ ಎಂಬ ಹೆದರಿಕೆ. ದಾಯಿಯನ್ನು ಕರೆಸಿ ಮನೆಯಲ್ಲೇ ಹೆರಿಗೆ ಮಾಡಿಸಿದರು. ಮಗುವಿಗೆ ಮೊದಲ ಲಸಿಕೆ ಬಿದ್ದದ್ದು ಒಂದೂವರೆ ತಿಂಗಳಿಗೆ. ಈಗ ಆ ಮಗು ಓಡಾಡುತ್ತದೆ, ಮಾತಾಡುತ್ತದೆ. ಅದರ ರಕ್ತದಲ್ಲಿಯೂ ಅದೇ ವೈರಸ್ ಇದೆ. ಗಂಡ? ಅವನ ರಕ್ತವನ್ನು ಇವತ್ತಿನವರೆಗೆ ಯಾರೂ ನೋಡಿಲ್ಲ. ಅವನಿಗೆ ಎರಡನೆಯ ಸಂಬಂಧ ಹುಡುಕುತ್ತಿದ್ದಾರೆ.

ಇದನ್ನು ಓದಿ 'ಹಾಗಾದರೆ ಈ ಟೆಸ್ಟುಗಳೇ ಬೇಡ' ಎನ್ನುವವರು ನಮ್ಮ ನಡುವೆ ಇದ್ದಾರೆ. ಅವರಿಗೆ ನಮ್ಮ ಬೆಂಬಲವಿಲ್ಲ. ಟೆಸ್ಟು ಬೇಕು. ಬಸಿರು ನಿಂತಿದೆ ಎಂದು ಗೊತ್ತಾದ ಮೊದಲ ಭೇಟಿಯಲ್ಲೇ ಬೇಕು. ಯಾಕೆ ಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಎಚ್‌ಐವಿ ಇರುವ ತಾಯಿಗೆ ಯಾವ ಚಿಕಿತ್ಸೆಯೂ ಸಿಗದಿದ್ದರೆ, ಬಸಿರಿನಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ ಎಲ್ಲ ಸೇರಿ, ಅಂಥ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಸಕಾಲಕ್ಕೆ ಔಷಧಿ ಸಿಕ್ಕಿದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ನಮ್ಮ ದೇಶದಲ್ಲಿ ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ಸರಕಾರಿ ಕಾರ್ಯಕ್ರಮ ಶುರುವಾದದ್ದು 2002ರಲ್ಲಿ. ಆಗ ಇದ್ದದ್ದು ಹೆರಿಗೆ ನೋವಿನ ಹೊತ್ತಿಗೆ ತಾಯಿಗೆ ಒಂದು ನೆವಿರಪಿನ್ ಮಾತ್ರೆ, ಮಗುವಿಗೆ ಒಂದಿಷ್ಟು ಸಿರಪ್. 2014ರ ಜನವರಿಯಿಂದ ಸೋಂಕಿರುವ ಪ್ರತಿ ಬಸುರಿಗೂ ಜೀವನಪರ್ಯಂತದ ಚಿಕಿತ್ಸೆ ಕೊಡುವುದೆಂದಾಯಿತು. 2017ರಿಂದ ಗಂಡಾಗಲಿ ಹೆಣ್ಣಾಗಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಎಂದಾಯಿತು. ಔಷಧಿ ಉಚಿತ. ಮಾತ್ರೆಯನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆಯಾದವರಿಂದ ಅವರ ಸಂಗಾತಿಗೆ ಲೈಂಗಿಕ ಸಂಪರ್ಕದಲ್ಲಿಯೂ ಸೋಂಕು ಹರಡುವುದಿಲ್ಲ. ಇದು ಇವತ್ತಿನ ವೈದ್ಯಶಾಸ್ತ್ರ. ನಮ್ಮ ಮೊಹಲ್ಲಾಗಳ ತಿಳಿವಳಿಕೆ ಮಾತ್ರ ಇನ್ನೂ 1990ರ ಭಿತ್ತಿಪತ್ರದ ತಲೆಬುರುಡೆಯ ಚಿತ್ರದಲ್ಲೇ ನಿಂತಿದೆ.

ಹೆಪಟೈಟಿಸ್ ಬಿ ಕತೆ ಬೇರೆ. ಅದು ಪಿತ್ತಜನಕಾಂಗಕ್ಕೆ ತಗಲುವ ವೈರಸ್. ದೊಡ್ಡವರಿಗೆ ಹೊಸದಾಗಿ ತಗಲಿದರೆ 100ರಲ್ಲಿ 95 ಮಂದಿಗಿಂತ ಹೆಚ್ಚು ಜನರ ಶರೀರ ತಾನೇ ಅದನ್ನು ಹೊರಗೆ ಹಾಕುತ್ತದೆ. ಹುಟ್ಟುವಾಗ ತಗಲಿದ ಮಕ್ಕಳಲ್ಲಿ ಇದು ಪೂರಾ ತಿರುವುಮುರುವು: 100ರಲ್ಲಿ 90 ಮಕ್ಕಳಲ್ಲಿ ಅದು ಬಾಳಿನುದ್ದಕ್ಕೂ ಉಳಿಯುತ್ತದೆ. ಮೂವತ್ತು ನಲವತ್ತು ವರ್ಷ ಸದ್ದಿಲ್ಲದೆ ಇದ್ದು, ಕೆಲವರಲ್ಲಿ ಆಮೇಲೆ ಲಿವರ್ ಕುಗ್ಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕ್ಯಾನ್ಸರ್ ಬರುತ್ತದೆ. ತಡೆಯುವ ದಾರಿ ಬಹಳ ಸರಳ. ಮಗು ಹುಟ್ಟಿದ 24 ಗಂಟೆಯೊಳಗೆ ಒಂದು ಲಸಿಕೆ, ಆಮೇಲೆ 6, 10, 14 ವಾರಗಳಿಗೆ ಉಳಿದವು. ತಾಯಿಗೆ ಸೋಂಕಿದೆ ಎಂದು ಮುಂಚೆ ಗೊತ್ತಿದ್ದರೆ ಮಗುವಿಗೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದು. ತಾಯಿಯ ರಕ್ತದಲ್ಲಿ ವೈರಸ್ ಬಹಳ ಇದ್ದರೆ ಬಸಿರಿನಲ್ಲೇ ಆಕೆಗೆ ಮಾತ್ರೆ. ಹೈದರಾಬಾದಿನಲ್ಲಿ ಈ ಲಸಿಕೆ ತಯಾರಾಗಿ 1997ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಅದರ ಬೆಲೆ ಬಡವರ ಕೈಗೆಟಕುವ ಮಟ್ಟಕ್ಕೆ ಇಳಿಯಿತು. 2011ರ ಹೊತ್ತಿಗೆ ದೇಶದ ಎಲ್ಲ ಮಕ್ಕಳ ಉಚಿತ ಲಸಿಕೆಯ ಪಟ್ಟಿಗೆ ಸೇರಿತು. 2018ರ ಜುಲೈ 28ರಂದು ಹೆಪಟೈಟಿಸ್‌ಗಾಗಿಯೇ ರಾಷ್ಟ್ರೀಯ ಕಾರ್ಯಕ್ರಮವೂ ಶುರುವಾಯಿತು. ಲಸಿಕೆ ಇತ್ತು, ಹಣ ಬೇಕಿರಲಿಲ್ಲ. ನಾವು ಹೇಳಿದ ಆ ಮಗುವಿಗೆ ತಪ್ಪಿಹೋದದ್ದು ಮೊದಲ 24 ಗಂಟೆ. ಅದನ್ನು ತಪ್ಪಿಸಿದ್ದು ವೈರಸ್ ಅಲ್ಲ. ಕಿಟಕಿಯ ಕೂಗು ಮತ್ತು ಮನೆಯ ಇಜ್ಜತ್ತು ಎರಡೂ ಸೇರಿ ತಪ್ಪಿಸಿದವು.

ಆದ್ದರಿಂದ ನಮ್ಮ ಜಗಳ ಪರೀಕ್ಷೆಯೊಂದಿಗಲ್ಲ. ಒಂದು ಮನೆಯಲ್ಲಿ ಇಬ್ಬರು ಸೇರಿ ಮಗುವನ್ನು ಬಯಸುತ್ತಾರೆ, ಆದರೆ ಕಟಕಟೆಗೆ ಒಬ್ಬಳನ್ನೇ ನಿಲ್ಲಿಸುತ್ತೇವಲ್ಲ, ನಮ್ಮ ಜಗಳ ಅದರೊಂದಿಗೆ.

ಯೋಚಿಸಿ ನೋಡಿ. ಆರೋಗ್ಯವಾಗಿರುವ ಗಂಡಸಿನ ರಕ್ತವನ್ನು ಎಚ್‌ಐವಿಗೋ ಹೆಪಟೈಟಿಸ್‌ಗೋ ಪರೀಕ್ಷೆ ಮಾಡುವ ಸಂದರ್ಭ ಎಷ್ಟು ಸಲ ಬರುತ್ತದೆ? ರಕ್ತದಾನ ಮಾಡಿದರೆ, ಆಪರೇಷನ್ ಆದರೆ, ಕೆಲಸಕ್ಕೆಂದು ಗಲ್ಫಿಗೆ ಹೊರಟರೆ. ಉಳಿದವರು ಸಾಯುವವರೆಗೆ ಪರೀಕ್ಷೆಯಿಲ್ಲದೆ ಕಳೆಯುತ್ತಾರೆ. ಹೆಣ್ಣು ಹಾಗಲ್ಲ. ಬಸುರಾದ ಪ್ರತಿ ಸಲವೂ ಅವಳ ರಕ್ತ ಗಾಜಿನ ನಳಿಗೆಗೆ ಹೋಗುತ್ತದೆ. ಹಾಗಾಗಿ ಮನೆಯಲ್ಲಿ ಸೋಂಕು ಇದ್ದರೆ ಅದು ಮೊದಲು ಕಾಣುವುದು ಅವಳಲ್ಲಿ. ಮೊದಲು ಕಂಡವಳೇ ಮೊದಲು ತಂದವಳು ಎಂದು ಮನೆ ತೀರ್ಮಾನಿಸುತ್ತದೆ. ಮನೆಗೆ ಬೆಂಕಿ ಬಿದ್ದಾಗ ಮೊದಲು ಕೂಗಿದವಳೇ ಬೆಂಕಿ ಇಟ್ಟವಳು ಎಂದಂತೆ.

ಈ ತಪ್ಪು ಲೆಕ್ಕಕ್ಕೆ ಒಂದು ಚರಿತ್ರೆಯೂ ಇದೆ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಪತ್ತೆ ಮಾಡಿದರು. ಅವರು ಪರೀಕ್ಷಿಸಿದ್ದು ಲೈಂಗಿಕ ವೃತ್ತಿಯ ಹೆಂಗಸರ ರಕ್ತವನ್ನು. ವೈದ್ಯರು ತಮ್ಮ ಕೆಲಸ ಮಾಡಿದರು. ಸಮಾಜ ತನ್ನ ಕೆಲಸ ಮಾಡಿತು. ಅಂದಿನಿಂದ ಈ ರೋಗದ ಮುಖ ಹೆಣ್ಣಿನ ಮುಖವಾಯಿತು, ಅದೂ 'ಕೆಟ್ಟ ಹೆಣ್ಣಿನ' ಮುಖ. ಆ ಹೆಂಗಸರ ಬಳಿಗೆ ಹೋದ ಗಂಡಸರು ಯಾರು, ಅವರ ಮನೆಗಳೆಲ್ಲಿ ಎಂದು ಯಾರೂ ಕೇಳಲಿಲ್ಲ. ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ವೈದ್ಯರು ತಮ್ಮ ಬಳಿಗೆ ಬರುತ್ತಿದ್ದ ಸೋಂಕಿತ ಹೆಂಗಸರನ್ನು ಗಮನಿಸಿ ಬರೆದದ್ದು ಇಷ್ಟು: ಇವರಲ್ಲಿ ಬಹುಪಾಲು ಗೃಹಿಣಿಯರು, ಗಂಡನನ್ನು ಬಿಟ್ಟು ಇನ್ನೊಬ್ಬನನ್ನು ಅರಿಯದವರು. ಅವರ ಏಕೈಕ ಅಪಾಯ ಅವರ ಮದುವೆಯೇ ಆಗಿತ್ತು.

ಇನ್ನೊಂದು ಸಂಗತಿ. 1998ರಿಂದ ದೇಶದಲ್ಲಿ ಎಚ್‌ಐವಿ ಎಷ್ಟು ಹರಡಿದೆ ಎಂಬುದರ ಲೆಕ್ಕ ಶುರುವಾಯಿತು. ಸಾಮಾನ್ಯ ಜನರಲ್ಲಿ ಎಷ್ಟಿದೆ ಎಂದು ತಿಳಿಯಲು ಆರಿಸಿಕೊಂಡದ್ದು ಬಸುರಿಯರ ರಕ್ತವನ್ನು. ಕರ್ನಾಟಕದ ಬಸುರಿಯರಲ್ಲಿ ಸೋಂಕು ಶೇ. 1 ದಾಟಿದ್ದರಿಂದಲೇ ನಮ್ಮ ರಾಜ್ಯ ಆಗ ಹೆಚ್ಚು ಸೋಂಕಿನ ಆರು ರಾಜ್ಯಗಳ ಪಟ್ಟಿಗೆ ಸೇರಿದ್ದು. ಈಗ ಅದು ಅದಕ್ಕಿಂತ ಬಹಳ ಕೆಳಗೆ ಇಳಿದಿದೆ, ಸಂತೋಷ. ಆದರೆ ಆ ವರ್ಷಗಳ ಸಮೀಕ್ಷೆಯಲ್ಲಿ ರಕ್ತದ ಮಾದರಿಗೆ ಹೆಸರು ಇರಲಿಲ್ಲ. ಹೆಸರು ತೆಗೆದೇ ಪರೀಕ್ಷೆ ಮಾಡುತ್ತಿದ್ದರು. ಆದ್ದರಿಂದ ಆ ಫಲಿತಾಂಶ ಆಕೆಗೆ ತಲುಪುವಂತೆಯೇ ಇರಲಿಲ್ಲ. ಸಮೀಕ್ಷೆಯ ಉದ್ದೇಶ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಗಂಡಸರ ಸೋಂಕನ್ನು ಅಳೆಯುವುದಕ್ಕೂ ಹೆಂಗಸಿನ ತೋಳನ್ನೇ ಚುಚ್ಚುವ ಈ ಅಭ್ಯಾಸ ಎಷ್ಟು ಹಳೆಯದೆಂದು ತೋರಿಸುತ್ತಿದ್ದೇವೆ.

ಹೆಪಟೈಟಿಸ್ ಬಿ ವಿಷಯದಲ್ಲಿ ಹೆಣ್ಣಿನ ಚಾರಿತ್ರ್ಯವನ್ನು ಎಳೆಯುವುದು ಇನ್ನೂ ದೊಡ್ಡ ಮೂರ್ಖತನ. ಅದು ಗಂಡನಿಂದ ಬಂದಿರಬಹುದು. ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಇಂಜೆಕ್ಷನ್ ಕೊಡುವ ನಕಲಿ ಡಾಕ್ಟರನಿಂದ ಬಂದಿರಬಹುದು. ಹಜಾಮನ ಕತ್ತಿಯಿಂದ, ಶುಚಿಯಿಲ್ಲದೆ ಮಾಡುವ ಹಿಜಾಮಾದ ಬ್ಲೇಡಿನಿಂದ ಬಂದಿರಬಹುದು. ಅವಳು ಹುಟ್ಟುವಾಗಲೇ ಅವಳ ತಾಯಿಯಿಂದ ಬಂದಿರಬಹುದು. ನಾವು ಹೇಳಿದ ಹುಡುಗಿಯ ತಾಯಿ, ಮಗಳು ಚಿಕ್ಕವಳಿದ್ದಾಗಲೇ 'ಹೊಟ್ಟೆಗೆ ನೀರು ತುಂಬಿ' ತೀರಿಹೋಗಿದ್ದಳಂತೆ. ನಾವು ವೈದ್ಯರಲ್ಲ, ತೀರ್ಪು ಕೊಡುವುದಿಲ್ಲ. ಆದರೆ ಆ ಮನೆಯಲ್ಲಿ ಒಬ್ಬರಾದರೂ ಈ ಪ್ರಶ್ನೆಯನ್ನು ಕೇಳಬಹುದಿತ್ತಲ್ಲ?

ನಮ್ಮ ಜಮಾತಿನ ಹಿರಿಯರಿಗೂ ಒಂದು ಮಾತು ಹೇಳಬೇಕಿದೆ. ಆ ಹುಡುಗಿಯ ಪರವಾಗಿ ಮಾತಾಡಲು ಹೋದಾಗ ನಮಗೆ ಸಿಕ್ಕ ಉತ್ತರ: 'ಹಮಾರೆ ಘರ್ ಮೆ ಐಸಿ ಬೀಮಾರಿ ನೈ ಸಾಬ್.' ನಮ್ಮ ಮನೆಯಲ್ಲಿ ಇಂಥ ರೋಗ ಇಲ್ಲ, ಅಂದರೆ ಸೊಸೆ ತಂದದ್ದು ಎಂದು. ಮಾನವಂತ ಹೆಣ್ಣಿನ ಮೇಲೆ ಕಳಂಕ ಹೊರಿಸುವವನು ನಾಲ್ಕು ಸಾಕ್ಷಿಗಳನ್ನು ತರಬೇಕು. ತರದಿದ್ದರೆ ಆರೋಪ ಹೊರಿಸಿದವನಿಗೇ 80 ಛಡಿಯೇಟು, ಮತ್ತೆಂದೂ ಅವನ ಸಾಕ್ಷ್ಯ ಸಲ್ಲದು. ಇದು ಕುರ್‌ಆನಿನ ಸೂರಾ ನೂರ್‌ನಲ್ಲಿರುವ ಕಟ್ಟಳೆ ಎಂದು ಮದ್ರಸಾದ ಹುಡುಗನಿಗೂ ಗೊತ್ತು. ಆರೋಪಿಸುವವನು ಗಂಡನೇ ಆಗಿ, ಬೇರೆ ಸಾಕ್ಷಿ ಇಲ್ಲದಿದ್ದರೆ, ಅವನು ಅಲ್ಲಾಹನ ಮೇಲೆ ನಾಲ್ಕು ಸಲ ಆಣೆಯಿಟ್ಟು ಐದನೆಯ ಸಲ ತನ್ನನ್ನು ತಾನೇ ಶಪಿಸಿಕೊಳ್ಳಬೇಕು. ಅಷ್ಟೇ ಆಣೆಯಿಟ್ಟು ಅದನ್ನು ನಿರಾಕರಿಸುವ ಹಕ್ಕು ಹೆಂಡತಿಗೂ ಇದೆ. ಇಷ್ಟೊಂದು ಎಚ್ಚರಿಕೆ ಇರುವ ಕಡೆ ಒಂದು ಲ್ಯಾಬಿನ ಚೀಟಿ ನಾಲ್ಕು ಸಾಕ್ಷಿಗಳಿಗೆ ಸಮವಾದದ್ದು ಯಾವಾಗ? ಚೀಟಿ ಹೇಳುವುದು ರಕ್ತದಲ್ಲಿ ವೈರಸ್ ಇದೆ ಎಂದಷ್ಟೇ. ಅದು ಯಾರಿಂದ ಬಂತು, ಯಾವಾಗ ಬಂತು, ಹೇಗೆ ಬಂತು ಎಂದು ಅದು ಹೇಳುವುದಿಲ್ಲ. ಹೇಳದ ಮಾತನ್ನು ಚೀಟಿಯ ಬಾಯಿಗೆ ತುರುಕಿದವರು ನಾವು. ಹಿಂದೂ ಮನೆಯಲ್ಲಾಗಲಿ ಕ್ರೈಸ್ತರ ಮನೆಯಲ್ಲಾಗಲಿ ಇದು ಬೇರೆ ಥರ ನಡೆಯುತ್ತದೆಂದು ನಾವು ತಿಳಿದಿಲ್ಲ. ಆದರೆ ನಮ್ಮ ಕಸವನ್ನು ನಾವೇ ಗುಡಿಸಬೇಕು.

ಈಗ ಆಸ್ಪತ್ರೆಯ ಕಡೆಗೆ ಬರೋಣ. ಎಚ್‌ಐವಿ ಕುರಿತು 2017ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ ಎಂದು ಆ ಕಾಯಿದೆ ಹೇಳುತ್ತದೆ. ಫಲಿತಾಂಶವನ್ನು ಅವರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ತಿಳಿಸುವಂತಿಲ್ಲ ಎಂದೂ ಹೇಳುತ್ತದೆ. ಸಂಗಾತಿಗೆ ತಿಳಿಸಲು ವೈದ್ಯರಿಗೆ ಕೆಲವು ಷರತ್ತುಗಳ ಮೇಲೆ ಅವಕಾಶವಿದೆ. ಆದರೆ ತಿಳಿಸಿದರೆ ಹೊಡೆತ ಬೀಳಬಹುದು, ಹೊರಗೆ ಹಾಕಬಹುದು ಎಂಬ ಆತಂಕವಿದ್ದಲ್ಲಿ, ವಿಶೇಷವಾಗಿ ಹೆಣ್ಣಿನ ವಿಷಯದಲ್ಲಿ, ತಿಳಿಸಬಾರದು ಎಂದು ಅದೇ ಕಾಯಿದೆಯಲ್ಲಿ ಬರೆದಿದೆ. ಇದನ್ನು ಬರೆದವರಿಗೆ ನಮ್ಮ ಮನೆಗಳು ಚೆನ್ನಾಗಿಯೇ ಗೊತ್ತಿದ್ದವು. ಹೆಪಟೈಟಿಸ್ ಬಿಗೆ ಇಂಥ ಪ್ರತ್ಯೇಕ ಕಾಯಿದೆ ಇಲ್ಲದಿರಬಹುದು. ಒಬ್ಬ ಹುಡುಗಿಯ ರೋಗವನ್ನು ಕಿಟಕಿಯಿಂದ ಕೂಗಬಾರದು ಎಂದು ತಿಳಿಯಲು ಕಾಯಿದೆ ಬೇಕೆ?

ಕೆಲವು ವೈದ್ಯ ಮಿತ್ರರು ನಮಗೆ ಹೇಳುವುದುಂಟು: ದಿನಕ್ಕೆ ನೂರು ಬಸುರಿಯರು ಬರುತ್ತಾರೆ, ಒಬ್ಬೊಬ್ಬರನ್ನೂ ಕೂರಿಸಿ ವಿವರಿಸಲು ಪುರಸೊತ್ತು ಎಲ್ಲಿದೆ, ಕೇಳುತ್ತ ಕೂತರೆ ಬೇಡ ಎನ್ನುತ್ತಾರೆ, ಮಗು ಉಳಿಯುವುದು ಮುಖ್ಯವಲ್ಲವೇ ಎಂದು. ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಒಂದೇ ಕೋಣೆಯಲ್ಲಿ ತೂಕ, ಬಿಪಿ, ರಕ್ತ ಎಲ್ಲವನ್ನೂ ನೋಡುವ ನರ್ಸಮ್ಮನ ಕಷ್ಟ ನಮಗೆ ಕಾಣುತ್ತದೆ. ಆದರೆ ಕೇಳದೆ ಹೇಳದೆ ಪರೀಕ್ಷೆ ಮಾಡಿಸಿಕೊಂಡವಳು ಚೀಟಿ ಬಂದ ಮೇಲೆ ಏನು ಮಾಡುತ್ತಾಳೆ? ಆಸ್ಪತ್ರೆಗೆ ಬರುವುದನ್ನು ಬಿಡುತ್ತಾಳೆ. ಅವಳ ಜೊತೆಗೆ ಅವಳ ಮಗುವೂ ಕೈತಪ್ಪುತ್ತದೆ. ಐದು ನಿಮಿಷದ ಮಾತನ್ನು ಉಳಿಸಿ ಒಂದು ಆಯುಷ್ಯ ಕಳೆದಂತಾಯಿತು. 2020ರಲ್ಲಿ ಕೊರೋನಾ ವರದಿ ಕೈಯಲ್ಲಿಲ್ಲವೆಂದು ತುಂಬು ಬಸುರಿಯರನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಸಿದ ಸುದ್ದಿಗಳು ಬೆಂಗಳೂರಿನಂಥ ಊರಿನಿಂದಲೇ ಬಂದವು. ಪರೀಕ್ಷೆ ಎಂಬುದು ಒಳಗೆ ಕರೆಯುವ ಬಾಗಿಲಾಗಬೇಕು. ಹೊರಗೆ ನಿಲ್ಲಿಸುವ ಅಗುಳಿಯಾದರೆ ಅದರಿಂದ ಯಾರಿಗೂ ಲಾಭವಿಲ್ಲ.

ಗಂಡನ ಪರೀಕ್ಷೆ ನಿಯಮದಲ್ಲಿ ಇಲ್ಲವೆಂದಲ್ಲ. ಇದೆ. ಆದರೆ ಸಾಮಾನ್ಯವಾಗಿ ಅದು ಶುರುವಾಗುವುದು ಹೆಂಡತಿಯದು ಪಾಸಿಟಿವ್ ಬಂದ ಮೇಲೆ. ಆ ಹೊತ್ತಿಗೆ ಅವಳು ಆರೋಪಿ, ಅವನು ಫಿರ್ಯಾದಿ. ಅವನು ಯಾಕೆ ಬರುತ್ತಾನೆ? ಇಬ್ಬರನ್ನೂ ಒಂದೇ ದಿನ, ಒಂದೇ ಬೆಂಚಿನಲ್ಲಿ ಕೂರಿಸಿ ರಕ್ತ ತೆಗೆದರೆ ಮೊದಲು ಪತ್ತೆಯಾದವರು ಯಾರು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಇದು ಅವಳ ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ, ಮಗುವಿನ ಪ್ರಾಣದ ಪ್ರಶ್ನೆಯೂ ಹೌದು. ಮೂರನೆಯ ತಿಂಗಳಲ್ಲಿ ಅವಳದು ನೆಗೆಟಿವ್ ಬಂತು, ಎಲ್ಲರೂ ನಿಶ್ಚಿಂತೆಯಾದರು ಎಂದುಕೊಳ್ಳಿ. ಗಂಡನಿಗೆ ಎಚ್‌ಐವಿ ಇದ್ದು ಯಾರಿಗೂ ಗೊತ್ತಿಲ್ಲದಿದ್ದರೆ ಆರನೆಯ ತಿಂಗಳಲ್ಲೋ ಹಾಲೂಡಿಸುವ ಕಾಲದಲ್ಲೋ ಅವಳಿಗೆ ತಗಲಬಹುದು. ಹೊಸದಾಗಿ ತಗಲಿದಾಗ ರಕ್ತದಲ್ಲಿ ವೈರಸ್ ಅತಿ ಹೆಚ್ಚು. ಮಗುವಿಗೆ ದಾಟುವ ಅಪಾಯವೂ ಆಗಲೇ ಹೆಚ್ಚು. ತಾಯಿಯೊಬ್ಬಳನ್ನೇ ನೋಡುವ ಪರೀಕ್ಷೆ ಆ ಮಗುವನ್ನು ಕಾಯುವುದಿಲ್ಲ.

'ಇದೆಲ್ಲ ನಮ್ಮಂಥ ಮಜಹಬಿ ಜನರಿಗೆ ಆಗುವ ಮಾತಲ್ಲ' ಎನ್ನುವವರು ಸ್ವಲ್ಪ ಭೂಪಟ ನೋಡಲಿ. ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಸಿಫಿಲಿಸ್ ದಾಟುವುದನ್ನು ತಡೆದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲು ಒಪ್ಪಿದ ದೇಶ ಕ್ಯೂಬಾ, 2015ರಲ್ಲಿ. ಮುಸ್ಲಿಮರೇ ಹೆಚ್ಚಿರುವ ಮಲೇಷ್ಯಾ 2018ರಲ್ಲಿ, ಮಾಲ್ದೀವ್ಸ್ 2019ರಲ್ಲಿ, ಒಮಾನ್ 2022ರಲ್ಲಿ ಆ ಸಾಲಿಗೆ ಸೇರಿದವು. ನಮ್ಮ ನೆರೆಯ ಶ್ರೀಲಂಕಾವೂ 2019ರಲ್ಲಿ ಸೇರಿತು. 2025ರಲ್ಲಿ ಮಾಲ್ದೀವ್ಸ್ ಹೆಪಟೈಟಿಸ್ ಬಿಯನ್ನೂ ಸೇರಿಸಿ ಮೂರನ್ನೂ ತಡೆದ ಜಗತ್ತಿನ ಮೊದಲ ದೇಶವಾಯಿತು. ಅಲ್ಲಿಯೂ ಮಸೀದಿಗಳಿವೆ, ಬುರ್ಖಾಗಳಿವೆ, ಅತ್ತೆ-ಸೊಸೆಯರಿದ್ದಾರೆ. ಅಲ್ಲಿ ಸಾಧ್ಯವಾದದ್ದು ನಮ್ಮ ತಾಲ್ಲೂಕಿನಲ್ಲಿ ಯಾಕೆ ಆಗಬಾರದು?

ನಾವು ಕೇಳುವುದು ಬಹಳ ದೊಡ್ಡದೇನಲ್ಲ. ತಾಯಿ ಕಾರ್ಡಿನಲ್ಲಿ ತಂದೆಯ ಹೆಸರು, ವಿಳಾಸ ಬರೆಯುವ ಹಾಗೆಯೇ ಅವನ ರಕ್ತ ಪರೀಕ್ಷೆಗೂ ಒಂದು ಸಾಲು ಇರಲಿ. ಬಸುರಿಯ ಮೊದಲ ಭೇಟಿಯಲ್ಲೇ ಗಂಡನನ್ನೂ ಕರೆಯಲಿ. ಅವನ ಒಪ್ಪಿಗೆಯನ್ನೂ ಕೇಳಲಿ. ಅವಳ ಒಪ್ಪಿಗೆಯನ್ನು ಕೇಳುವುದು ಹೇಗೆಂದು ಆಸ್ಪತ್ರೆ ಆ ನೆಪದಲ್ಲಾದರೂ ಕಲಿತೀತು. ಗಂಡ ದೂರದ ಊರಿನಲ್ಲೋ ಗಲ್ಫಿನಲ್ಲೋ ಇದ್ದರೆ ಅವಳ ಪರೀಕ್ಷೆ ಅವನಿಗಾಗಿ ಕಾಯದಿರಲಿ. ಫಲಿತಾಂಶ ಅವಳ ಕೈಗೇ ಸಿಗಲಿ, ಅವಳಿಗೆ ತಿಳಿಯುವ ಭಾಷೆಯಲ್ಲಿ ಸಿಗಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಿಗಲಿ. ಜುಮಾದ ದಿನ ವಜೂವಿನ ಶುಚಿಯ ಬಗ್ಗೆ ಮಾತಾಡುವ ನಮ್ಮ ಖತೀಬರು ವರ್ಷಕ್ಕೊಮ್ಮೆಯಾದರೂ ರಕ್ತದ ಶುಚಿಯ ಬಗ್ಗೆ, ಅಪವಾದ ಹೊರಿಸುವವನ ಪಾಪದ ಬಗ್ಗೆ ಮಾತಾಡಲಿ.

ಕಳೆದ ತಿಂಗಳು ನಾವು ಹೋಗಿ ರಕ್ತ ಕೊಟ್ಟು ಬಂದೆವು. ಮದುವೆಯಾಗಿ ಎರಡು ದಶಕ ಆದ ಮೇಲೆ! ಲ್ಯಾಬಿನವರು ನಮ್ಮ ಮುಖ ನೋಡಿ, 'ನಿಮಗೆ ಯಾಕೆ ಸಾರ್ ಈ ಟೆಸ್ಟು? ಏನಾದರೂ ತೊಂದರೆ ಇದೆಯಾ?' ಎಂದರು. ನಮ್ಮ ಮನೆಯಾಕೆಗೆ ಮೂರು ಬಸಿರಿನಲ್ಲೂ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ವರದಿ ಬರುವವರೆಗಿನ ಆ ಒಂದು ಸಂಜೆ ನಮಗೆ ಸರಿಯಾಗಿ ಊಟ ಸೇರಲಿಲ್ಲ. ನೆಗೆಟಿವ್ ಬಂತು. ಆಕೆಗೆ ತೋರಿಸಿದೆವು. ಆಕೆ ಚೀಟಿಯನ್ನು ಓದಿ, ಮಡಚಿ, ತನ್ನ ಮೂರು ತಾಯಿ ಕಾರ್ಡುಗಳನ್ನು ಇಟ್ಟಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಅವುಗಳ ಜೊತೆಗೇ ಇಟ್ಟಳು.